ಮಾನಿಟರ್‌ದಾಗ ಸ್ಪೀಕರ್ ಕೊಟ್ರಿ, ಸೌಂಡಿನ ಬಟನ್ ಎಲ್ಲಿ ಇಟ್ರಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಈಗ ಬರೂ ಕಂಪ್ಯೂಟರ್ ಮಾನಿಟರ್‌ಗೋಳ ಡಬ್ಬಿ ಮ್ಯಾಲ ಇನ್‌ಬಿಲ್ಟ್ ಸ್ಪೀಕರ್ ಅಂತ ದೊಡ್ಡದಾಗಿ ಬರದಿರ್ತಾರ, ಆದ್ರ ಆ ಸ್ಪೀಕರ್‌ದು ಸೌಂಡ್ ಕಮ್ಮಿ ಜಾಸ್ತಿ ಮಾಡೂದು ಹೆಂಗ ಅನ್ನೂದು ಡಬ್ಬಿ ಮ್ಯಾಲೂ ಇರಂಗಿಲ್ಲ, ಮಾರಾವ್ರೂ ಹೇಳಂಗಿಲ್ಲ. ನಾ ಬಾಗಲಕೋಟೆ ನವನಗರದಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾಂವ, ‘ಸೌಂಡ್ ಹೋಗೇತ್ರಿ’ ಅಂತ ನಮ್ಮ ಕಡೆ ಬರೂ ಮಂದಿ ಪೈಕಿ ಭಾಳ ಮಂದೀದು ಏನೂ ಹೋಗಿರಂಗೇ ಇಲ್ಲ, ಸೌಂಡ್ ಎಲ್ಲೋ ಒಂದು ಕಡೆ ಬಂದ್ ಆಗಿರತೈತಿ, ಆ ಜಾಗಾ ಅವ್ರಿಗೆ ಯಾರೂ ತೋರ್ಸಿರಂಗಿಲ್ಲ ಅಷ್ಟ. ಇದಕ್ಕ ರೊಕ್ಕಾ ತಗೊಳ್ಳಾಕ ನನಗ ನಾಚಿಕಿ ಬರತೈತಿ, ತಗೊಳ್ದೆ ಬಿಟ್ರ ಅಂಗಡಿ ಬಾಡಗಿ ಯಾರ ಕೊಡ್ತಾರ, ಹಿಂಗಾಗಿ ಪತ್ರ ಬರ್ಯಾಕತ್ತೀನಿ.

ಇತ್ತೀಚಿಗೆ ಗುಳೇದಗುಡ್ಡದಿಂದ ಒಬ್ರು ಸಿಪಿಯು, ಮಾನಿಟರ್ ಎರಡೂ ಚೀಲದಾಗ ಹಾಕೊಂಡು ಬಸ್ಸಿಗೆ ಬಂದಿದ್ರು. ಮನ್ಯಾಗ ಹುಡುಗ ಕಾಂಪಿಟೇಟಿವ್ ಪರೀಕ್ಷಾಕ್ಕ ಓದಾಕತ್ತಾನ, ಕ್ಲಾಸ್ ಎಲ್ಲಾ ಯೂಟ್ಯೂಬ್‌ದಾಗ, ಹೊಸಾ ಮಾನಿಟರ್ ತಂದಾಗಿಂದ ಚಿತ್ರ ಬರತೈತಿ ಮಾತ ಬರಂಗಿಲ್ಲ. ಬ್ಯಾರೆ ಕಡೆ ತೋರ್ಸಿದ್ರಂತ, ಅವ್ರು ಮದರ್‌ಬೋರ್ಡ್ ಚೇಂಜ್ ಮಾಡಬೇಕು ಅಂದ್ರಂತ. ನಾ ಮಾನಿಟರ್ ಹಿಂದ ಕೈ ಹಾಕಿ ಬಲಗಡೆ ಮೂಲ್ಯಾಗಿದ್ದ ಕಡ್ಲಿಕಾಳಷ್ಟು ಜಾಯ್‌ಸ್ಟಿಕ್ ಒತ್ತಿದೆ, ಮೆನು ಬಂತು, ಕೆಳಗ ಕೆಳಗ ಇಳದು ಆಡಿಯೋ ಅನ್ನೂದ್ರಾಗ ಹೋದೆ, ವಾಲ್ಯೂಮ್ ಗೆರಿ ಸೊನ್ನೆದಾಗ ಕುಂತಿತ್ತು. 60ಕ್ಕ ತಂದೆ. ವಿಡಿಯೋದಾಗ ಮಾಸ್ತರು ಸಂವಿಧಾನದ ಪಾಠ ಹೇಳಾಕತ್ತಿದ್ರು, ಅಂಗಡಿ ತುಂಬ ಕೇಳಿಸ್ತು. ಆ ಮನಷಾ ನಗಲಿಲ್ಲ, ಸಿಟ್ಟಾದ್ರು. ಇದನ್ನ ಮಾರಿದಾಂವ ಒಂದ್ ಮಾತ ಹೇಳಿದ್ರ ಆಗ್ತಿರಲಿಲ್ಲೇನು ಅಂದ್ರು. ಬರೋಬ್ಬರಿ ಮಾತು.

ಇದು ಯಾಕ ಹಿಂಗ ಆಗತೈತಿ ಅಂದ್ರ, ಮಾನಿಟರ್ ಸ್ಪೀಕರ್‌ಗೆ ಸೌಂಡಿನ ಹತೋಟಿ ಎರಡು ಕಡೆ ಇರತೈತ್ರಿ. ಒಂದು ಕಂಪ್ಯೂಟರ್ ಒಳಗ, ಅಂದ್ರ ವಿಂಡೋಸ್‌ದಾಗ ಕೆಳಗ ಬಲಗಡೆ ಕಾಣೂ ಸ್ಪೀಕರ್ ಚಿತ್ರ. ಇನ್ನೊಂದು ಮಾನಿಟರ್‌ದು ತನ್ನದ, ಅದರೊಳಗ ಒಂದ್ ಸಣ್ಣ ಆಂಪ್ಲಿಫಯರ್ ಇರತೈತಿ, ಅದಕ್ಕ ಬ್ಯಾರೆ ವಾಲ್ಯೂಮ್. ಮಾಳಿಗಿ ಮ್ಯಾಲಿನ ಟಾಕಿ ಕಾಕ್ ಬಂದ್ ಇದ್ರ ಅಡಗಿ ಮನಿ ನಳ ಎಷ್ಟ ತಿರುವಿದ್ರೂ ನೀರ ಬರಂಗಿಲ್ಲಲ್ರಿ, ಹಂಗ. ಮಾನಿಟರ್‌ದಾಗ 10 ಇಟ್ಟು ವಿಂಡೋಸ್‌ದಾಗ 100 ಮಾಡಿದ್ರ ಪಿಸಿಪಿಸಿ ಅಂತೈತಿ. ಉಲ್ಟಾ ಮಾಡಿದ್ರ, ಅಂದ್ರ ಮಾನಿಟರ್ 100, ವಿಂಡೋಸ್ 4-5, ಆವಾಗ ಕೀಬೋರ್ಡ್‌ದಾಗಿನ ವಾಲ್ಯೂಮ್ ಕೀ ಒಂದ್ ಸಲ ಒತ್ತಿದ್ರ ಸಾಕು, ಒಮ್ಮಿಗೇ ಒದರತೈತಿ, ನಡಬರಕ ನಿಲ್ಲಂಗೇ ಇಲ್ಲ, ಮ್ಯಾಲ ಹಿಂದ ಸೊಂಯ್ ಅನ್ನೂ ಸಪ್ಪಳ ಬ್ಯಾರೆ. ನಾ ಎಲ್ಲಾರಿಗೂ ಹೇಳೂದು ಇಷ್ಟ, ವಿಂಡೋಸ್‌ದಾಗ 80ರ ಸನೇಕ ಇಟ್ಟು ಮಾನಿಟರ್‌ದು ನಿಮ್ಮ ಕಿವಿಗೆ ಜರಾ ಜಾಸ್ತಿ ಅನಸೂ ಮಟ ಏರಿಸಿ ಬಿಟ್ ಬಿಡ್ರಿ, ಆಮ್ಯಾಲ ದಿನಾ ಕೀಬೋರ್ಡ್‌ದಾಗಿಂದನ ಇಳಿಸೂದು ಏರಿಸೂದು ಮಾಡ್ರಿ, ಮಾನಿಟರ್ ಮೆನುಕ್ಕ ಹೋಗೂದ ಬ್ಯಾಡ.

ಆದ್ರ ಆ ಒಂದ್ ಸಲ ಏರಸೂದ ತ್ರಾಸ ಐತಲ್ರಿ, ನನ್ನ ತಕರಾರು ಅದರ ಮ್ಯಾಲ. ಮೊದಲಿನ ದಪ್ಪ ಮಾನಿಟರ್‌ಗೆ ಮುಂದ ಬಟನ್ ಇರ್ತಿದ್ವು, ಸ್ಪೀಕರ್ ಇದ್ದಿದ್ದಕ್ಕ ತಿರುವೂ ಚಕ್ರನೂ ಇರ್ತಿತ್ತು. ಈಗ ನೋಡಾಕ ಚಂದ ಕಾಣಬೇಕು ಅಂತ ಎಲ್ಲಾ ಹಿಂದಕ್ಕ ಇಲ್ಲಾ ಕೆಳಗ ಹಾಕ್ಯಾರ. ಕುರುಡ ತಡಕಾಡಿದಂಗ ಬೆರಳ ಹಾಕಿ ಹುಡುಕಬೇಕು. ಅದೂ ಒಂದ ನಮೂನಿ ಇದ್ರ ಹೋಗ್ಲಿ ಅನ್ನಬಹುದು, ಒಂದ್ ಕಂಪನಿದ್ರಾಗ ಜಾಯ್‌ಸ್ಟಿಕ್ ಎಡಕ್ಕ ಬಲಕ್ಕ ಸರಿಸಿದ್ರ ವಾಲ್ಯೂಮ್, ಇನ್ನೊಂದ್ರಾಗ ಅದನ್ನ ಸರಿಸಿದ್ರ ಬ್ರೈಟ್‌ನೆಸ್, ಮತ್ತೊಂದ್ರಾಗ ಇನ್‌ಪುಟ್, ಅಂದ್ರ ಚಿತ್ರ ಬರೂ ಕೇಬಲ್, ಚೇಂಜ್ ಆಗಿ ಎಚ್‌ಡಿಎಂಐದಿಂದ ಡಿಸ್‌ಪ್ಲೇಪೋರ್ಟಿಗೆ ಹೋಗಿ ನೋ ಸಿಗ್ನಲ್ ಅಂತ ಬರತೈತಿ, ಅಷ್ಟಕ್ಕ ಮನ್ಯಾಗಿನ ಹಿರಿಯರು ಗಾಬರಿ ಆಗಿ ವೈರ್ ಕಿತ್ತಿ ಬಿಡ್ತಾರ. ಸೌಂಡ್ ಕಮ್ಮಿ ಮಾಡಾಕ ಹೋದ ಮಂದಿ ಮಾನಿಟರ್ ಸುಟ್ಟೈತಿ ಅಂತ ಹೊತಗೊಂಡು ಬಂದಿದ್ದೂ ಐತಿ. ಮೆನು ಭಾಷಾ ಇಂಗ್ಲಿಷ್, ಚೈನೀಸ್, ಫ್ರೆಂಚ್ ಎಲ್ಲಾ ಇರತೈತಿ, ನನ್ನ ಕೈ ದಾಟಿ ಹೋದ ಮಾನಿಟರ್‌ದಾಗ ಕನ್ನಡದ ಮೆನು ಅಂತೂ ನಾ ನೋಡಿಲ್ಲ.

ಇನ್ನ ಕೇಬಲ್ ಮಾತು. ಹಳೇ ನೀಲಿ ಬಣ್ಣದ ವಿಜಿಎ ಕೇಬಲ್ 1987ರ ಕಾಲದ್ದು, ಅದರ 15 ಪಿನ್ನಿನಾಗ ಸೌಂಡಿಗೆ ಅಂತ ಒಂದೂ ಇಲ್ಲ, ಬರೇ ಚಿತ್ರ. ವಿಜಿಎ ಹಚ್ಚಿ ಮಾನಿಟರ್ ಸ್ಪೀಕರ್‌ದಾಗ ಸೌಂಡ್ ಬೇಕು ಅಂದ್ರ ಕಂಪ್ಯೂಟರ್ ಹಿಂದಿನ ಹಸರು ತೂತಿನಿಂದ ಮಾನಿಟರ್‌ನ ಆಡಿಯೋ ಇನ್ ತೂತಿಗೆ ಬ್ಯಾರೆ ವೈರ್ ಹಾಕಬೇಕು. ಇಲ್ಲಿ ಒಂದ್ ಮೋಸ ಐತಿ ನೋಡ್ರಿ, ಭಾಳಷ್ಟು ಮಾನಿಟರ್‌ಗೆ ಇರೂದು ಆಡಿಯೋ ಔಟ್, ಅದು ಹೆಡ್‌ಫೋನ್ ಹಾಕಾಕ, ತೂತು ನೋಡಾಕ ಒಂದ ನಮೂನಿ ಇರತೈತಿ. ಅದಕ್ಕ ವೈರ್ ಚುಚ್ಚಿ ಸೌಂಡ್ ಬರವಲ್ದು ಅಂತ ಕುಂತ್ರ ಸಂಜಿ ಮಟ ಕುಂತ್ರೂ ಬರಂಗಿಲ್ಲ. ಎಚ್‌ಡಿಎಂಐ ಬಂದಿದ್ದು 2002ರ ಕಡೀಗೆ, ಡಿಸ್‌ಪ್ಲೇಪೋರ್ಟ್ 2006ಕ್ಕ, ಇವೆರಡರಾಗ ಚಿತ್ರಾನೂ ಸೌಂಡೂ ಒಂದ ಕೇಬಲ್‌ದಾಗ ಹೋಗತಾವು. ಲ್ಯಾಪ್‌ಟಾಪಿನ ಟೈಪ್-ಸಿಯಿಂದ ಚಿತ್ರ ಹೋಗೂ ಹಂಗಿದ್ರ ಅದರಾಗೂ ಸೌಂಡ್ ಹೋಗತೈತಿ.

ಎಚ್‌ಡಿಎಂಐ ಹಾಕಿದ ಕೂಡ್ಲೆ ಇನ್ನೊಂದು ಆಟ ಚಾಲೂ. ಮಾನಿಟರ್ ಹಚ್ಚಿದಾಗ ಅದು ತನ್ನ ಜಾತಕಾ ಎಲ್ಲಾ ಕಂಪ್ಯೂಟರ್‌ಗೆ ಹೇಳತೈತಿ, ಅದಕ್ಕ ಇಡಿಐಡಿ ಅಂತಾರ, ನನ್ನ ಅಳತಿ ಇಷ್ಟು, ನನಗ ಸೌಂಡ್ ತಗೊಳ್ಳಾಕ ಬರತೈತಿ ಅಂತ. ಅದನ್ನ ಕೇಳಿ ವಿಂಡೋಸ್ ಭಾಳ ಸಲ ಮುಂದಿನ ವಿಚಾರ ಮಾಡದ ಸೌಂಡ್ ಪೂರಾ ಮಾನಿಟರ್ ಕಡೆ ತಿರುಗಿಸಿ ಬಿಡತೈತಿ. ಮಜಾ ಏನಂದ್ರ ಸ್ಪೀಕರ್ ಇಲ್ಲದ, ಬರೇ ಹೆಡ್‌ಫೋನ್ ತೂತು ಇರೂ ಮಾನಿಟರ್ ಸುದ್ದಾ ಹಂಗ ಹೇಳತೈತಿ. ಮೊದಲ ಚಲೋ ಹಾಡತಿದ್ದ ದೊಡ್ಡ ಸ್ಪೀಕರ್ ಸುಮ್ಮನ ಕುಂತಿರತಾವು, ಸೌಂಡ್ ಮಾನಿಟರ್‌ದಾಗ ಹೋಗಿ ಅಲ್ಲೇ ಸಾಯತೈತಿ. ಟಾಸ್ಕ್‌ಬಾರಿನ ಸ್ಪೀಕರ್ ಚಿತ್ರ ಒತ್ತಿ ಔಟ್‌ಪುಟ್ ಪಟ್ಟಿ ತಗದ್ರ ಎರಡು ಮೂರು ಹೆಸರು ಕಾಣತಾವು, ರಿಯಲ್‌ಟೆಕ್ ಅಂತ ಇದ್ದದ್ದು ಕಂಪ್ಯೂಟರಿನ ಹಸರು ತೂತಿಂದು, ಮಾನಿಟರ್ ಕಂಪನಿ ಹೆಸರಿನ ಜೊತಿ ಇಂಟೆಲ್, ಎನ್‌ವಿಡಿಯಾ ಇಲ್ಲಾ ಎಎಂಡಿ ಅಂತ ಇದ್ದದ್ದು ಎಚ್‌ಡಿಎಂಐ ಒಳಗಿಂದು. ಬೇಕಾದ್ದು ಆರ್ಸಿದ್ರ ಮುಗೀತು. ವಿಂಡೋಸ್ 11ರಾಗ ವಿಂಡೋಸ್ ಕೀ, ಕಂಟ್ರೋಲ್, ವಿ ಮೂರೂ ಕೂಡೆ ಒತ್ತಿದ್ರ ಸೀದಾ ಆ ಪಟ್ಟೀನ ಬರತೈತಿ. ಮಾನಿಟರ್ ನಿದ್ದಿ ಹೋಗಿ ಎದ್ದ ಮ್ಯಾಲ ಸೌಂಡ್ ಲ್ಯಾಪ್‌ಟಾಪಿಗೆ ಜಿಗದಿರತೈತಲ್ಲ, ಆವಾಗೂ ಇದ ಮದ್ದು.

ಮೀಟಿಂಗ್ ಚಾಲೂ ಆದ ಕೂಡ್ಲೆ ಹಾಡು, ವಿಡಿಯೋ ಎಲ್ಲಾದ್ರ ಸೌಂಡ್ ಕುಸದ ಬೀಳತೈತಿ ಅಂತ ಕೆಲವರು ಬರತಾರ, ಅದು ಮಾನಿಟರ್ ತಪ್ಪಲ್ಲ. ವಿಂಡೋಸ್‌ದಾಗ ಕಾಲ್ ಬಂದಾಗ ಉಳಿದ ಸಪ್ಪಳ 80 ಪರ್ಸೆಂಟ್ ಇಳಿಸೂ ಸೆಟ್ಟಿಂಗ್ ತಾನಾಗೇ ಇರತೈತಿ. ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್ ತಗದು ಕಮ್ಯುನಿಕೇಶನ್ಸ್ ಅನ್ನೂದ್ರಾಗ ಡೂ ನಥಿಂಗ್ ಅಂತ ಇಟ್ರ ಕಿರಿಕಿರಿ ತಪ್ಪತೈತಿ.

ಈಗ ಅಸಲೀ ವಿಷಯಕ್ಕ ಬರ್ತೀನಿ, ಯಾಕಂದ್ರ ಇದು ರಿಪೇರಿ ಮಾಡಾವ್ರಿಗೂ ಭಾಳ ಮಂದಿಗೆ ಗೊತ್ತಿಲ್ಲ. ಮಾನಿಟರ್ ಹಿಂದಿನ ಆ ಬಟನ್ನಿಗೆ ಕೈ ಹಚ್ಚದ, ಕುಂತ ಜಾಗಾದಿಂದ, ಕೀಬೋರ್ಡ್‌ದಿಂದ ಮಾನಿಟರ್‌ದು ಒಳಗಿನ ವಾಲ್ಯೂಮನ್ನ ಬದಲಿ ಮಾಡಾಕ ಬರತೈತ್ರಿ. ಇದೇನ ಹೊಸಾದಲ್ಲ, ಮಾನಿಟರ್‌ಗೋಳ ನಿಯಮ ಮಾಡೂ ವೆಸಾ ಅನ್ನೂ ಸಂಸ್ಥೆ 1998ರಾಗನ ಡಿಡಿಸಿ-ಸಿಐ ಅಂತ ಒಂದ್ ಪದ್ಧತಿ ಮಾಡೇತಿ. ಮಾನಿಟರ್ ತನ್ನ ಜಾತಕಾ ಹೇಳಾಕ ಯಾವ ವೈರ್ ಬಳಸತೈತೋ ಅದ ವೈರಿನ ಮ್ಯಾಲ ಕಂಪ್ಯೂಟರ್ ತಿರುಗಿ ಮಾನಿಟರ್‌ಗೆ ಹುಕುಂ ಕೊಡಬಹುದು, ಎಚ್‌ಡಿಎಂಐದಾಗ ಅವು 15 ಮತ್ತ 16ನೇ ಪಿನ್ನು. ಒಂದೊಂದು ಕೆಲಸಕ್ಕ ಒಂದೊಂದು ನಂಬರ್, 10 ಅಂದ್ರ ಬ್ರೈಟ್‌ನೆಸ್, 12 ಅಂದ್ರ ಕಾಂಟ್ರಾಸ್ಟ್, 60 ಅಂದ್ರ ಇನ್‌ಪುಟ್, ನಮಗ ಬೇಕಾದ್ದು 62, ಅದು ಸ್ಪೀಕರ್ ವಾಲ್ಯೂಮ್, ಮ್ಯೂಟ್ ಮಾಡಾಕ 8ಡಿ. ಹೊಸಾ ವೈರ್ ಬ್ಯಾಡ, ಹೊಸಾ ಡಬ್ಬಿ ಬ್ಯಾಡ, ಎಲ್ಲಾ ಮೊದಲ ಇರೂದ. ವಿಂಡೋಸ್ ಮಾತ್ರ ಇದಕ್ಕ ಎದುರಿಗೆ ಕಾಣೂ ಹಂಗ ಒಂದ್ ಗೆರಿ ಕೊಟ್ಟಿಲ್ಲ, ಯಾಕ ಕೊಟ್ಟಿಲ್ಲೋ ಅವ್ರನ್ನ ಕೇಳಬೇಕು.

ವಿಂಡೋಸ್‌ದಾಗ ನಿರ್‌ಸಾಫ್ಟ್‌ನವ್ರ ಕಂಟ್ರೋಲ್‌ಮೈಮಾನಿಟರ್ ಅಂತ ಫುಕಟ್ ಸಾಫ್ಟ್‌ವೇರ್ ಐತಿ, ಇನ್‌ಸ್ಟಾಲ್ ಸುದ್ದಾ ಬೇಕಾಗಿಲ್ಲ, ತಗದ್ರ ಉದ್ದ ಪಟ್ಟಿ ಬರತೈತಿ, 62ರ ಸಾಲಿನ ಮ್ಯಾಲ ಎರಡ್ ಸಲ ಒತ್ತಿ ನಂಬರ್ ಹಾಕಿದ್ರ ಅದೇ ಕ್ಷಣಕ್ಕ ಮಾನಿಟರ್ ಸೌಂಡ್ ಬದಲಿ ಆಗತೈತಿ. ಮೊದಲನೇ ಸಲ ನೋಡಿದಾವ್ರು ಮಾನಿಟರ್ ಕಡೆ ಒಮ್ಮಿ ನನ್ನ ಕಡೆ ಒಮ್ಮಿ ನೋಡತಾರ. ಅದನ್ನ ಡೆಸ್ಕ್‌ಟಾಪ್ ಮ್ಯಾಲ ಎರಡು ಶಾರ್ಟ್‌ಕಟ್ ಮಾಡಿ, ಒಂದು ‘ಹಗಲು’ ಒಂದು ‘ರಾತ್ರಿ’ ಅಂತ ಹೆಸರಿಟ್ಟು ಕೊಟ್ರ ಹಿರಿಯರಿಗೂ ಸಸಾರ. ಟ್ವಿಂಕಲ್ ಟ್ರೇ ಅಂತ ಇನ್ನೊಂದೈತಿ, ಅದು ಮುಖ್ಯ ಬ್ರೈಟ್‌ನೆಸ್ಸಿಗೆ, ವಾಲ್ಯೂಮೂ ಹೊಂದಿಸಾಕ ಬರತೈತಿ. ವಿಂಡೋಸ್ ಬದಲಿ ಉಬುಂಟು ಹಾಕಿದ ಶಾಲಿ ಕಂಪ್ಯೂಟರ್ ಇದ್ರ ಡಿಡಿಸಿಯುಟಿಲ್ ಹಾಕಿ ಟರ್ಮಿನಲ್‌ದಾಗ ಡಿಡಿಸಿಯುಟಿಲ್ ಸೆಟ್‌ವಿಸಿಪಿ 62 40 ಅಂತ ಹೊಡದ್ರ 40ಕ್ಕ ಬಂದು ನಿಲ್ಲತೈತಿ.

ಮ್ಯಾಕ್ ಇದ್ದಾವ್ರ ಕಥಿ ಬ್ಯಾರೆ. ವಿದ್ಯಾಗಿರಿ ಕಡೆ ಬೆಂಗಳೂರ ಕಂಪನಿ ಲ್ಯಾಪ್‌ಟಾಪ್ ತಗೊಂಡು ಮನ್ಯಾಗ ಕುಂತ ಕೆಲಸಾ ಮಾಡೂ ಹುಡುಗ್ರು ಅದಾರ, ಅವ್ರ ಮ್ಯಾಕ್‌ಬುಕ್ಕಿಗೆ ಮಾನಿಟರ್ ಹಚ್ಚಿದ್ರ ಕೀಬೋರ್ಡಿನ ವಾಲ್ಯೂಮ್ ಕೀ ಕೆಲಸಾನ ಮಾಡಂಗಿಲ್ಲ, ಗೆರಿ ಬೂದಿ ಬಣ್ಣ ಆಗಿ ಕುಂದರತೈತಿ. ಕೆಟ್ಟಿದ್ದಲ್ಲ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಮ್ಯಾಲ ಹೋಗೂ ಸೌಂಡಿಗೆ ಸಾಮಾನ್ಯವಾಗಿ ಮ್ಯಾಕ್ ಕೈ ಹಚ್ಚಂಗೇ ಇಲ್ಲ, ಪೂರಾ ಕಳಸಿ ಬಿಡತೈತಿ, ಕಮ್ಮಿ ಮಾಡೂದು ಮಾನಿಟರ್ ಜವಾಬ್ದಾರಿ ಅಂತ. ಅಂದ್ರ ವಿಂಡೋಸಿನಾವ್ರಿಗೆ ಇರೂ ಎರಡು ದಾರಿ ಪೈಕಿ ಇವ್ರಿಗೆ ಒಂದ, ಅದೂ ಹಿಂದಿನ ಆ ಕಡ್ಲಿಕಾಳು. ಲಕ್ಷಗಟ್ಟಲೆ ರೊಕ್ಕಾ ಕೊಟ್ಟ ಲ್ಯಾಪ್‌ಟಾಪ್! ಅವ್ರಿಗೆ ಮಾನಿಟರ್‌ಕಂಟ್ರೋಲ್ ಅನ್ನೂ ಫುಕಟ್ ಆ್ಯಪ್ ಐತಿ, ಅದೂ ಇದ ಡಿಡಿಸಿ ಪದ್ಧತಿ ಮ್ಯಾಲ ನಡೀತೈತಿ, ಹಾಕಿದ್ರ ಅದ ವಾಲ್ಯೂಮ್ ಕೀ ಮತ್ತ ಜೀವ ಹಿಡೀತಾವು.

ಎಲ್ಲಾ ಕಡೆ ಇದು ನಡೀತೈತಿ ಅಂತ ಹೇಳಿದ್ರ ಸುಳ್ಳ ಹೇಳಿದಂಗ ಆಗತೈತಿ. ಕೆಲವು ಮಾನಿಟರ್‌ದಾಗ ಡಿಡಿಸಿ-ಸಿಐ ಮೆನುದಾಗ ಆಫ್ ಇರತೈತಿ, ಆನ್ ಮಾಡಾಕ ಮತ್ತ ಅದ ಜಾಯ್‌ಸ್ಟಿಕ್ ಹುಡುಕಬೇಕು. ಕೆಲವು ಬ್ರೈಟ್‌ನೆಸ್ಸಿಗೆ ಹೂಂ ಅಂತಾವು, 62ಕ್ಕ ಉತ್ತರಾನ ಕೊಡಂಗಿಲ್ಲ. ನಡಬರಕ ಸಸ್ತಾ ಸ್ಪ್ಲಿಟರ್, ಕನ್ವರ್ಟರ್, ಡಾಕ್ ಇದ್ರೂ ಒಮ್ಮೊಮ್ಮಿ ಹುಕುಂ ಅಲ್ಲೇ ನಿಲ್ಲತಾವು, ಚಿತ್ರ ಮಾತ್ರ ಬರತೈತಿ. ಟಿವಿಗೆ ರಿಮೋಟ್ ಇರತೈತಿ, ಎಚ್‌ಡಿಎಂಐದಾಗ 13ನೇ ಪಿನ್ನಿನ ಸಿಇಸಿ ಅಂತ ಬ್ಯಾರೆ ವ್ಯವಸ್ಥಾನೂ ಇರತೈತಿ, ಒಂದ್ ರಿಮೋಟಿನಿಂದ ಸೆಟ್‌ಟಾಪ್ ಬಾಕ್ಸ್ ಟಿವಿ ಎರಡೂ ನಡೀತಾವು, ಆದ್ರ ನಮ್ಮ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡುಗೋಳು ಸಾಮಾನ್ಯವಾಗಿ ಅದನ್ನ ಕೊಡಂಗಿಲ್ಲ, ಹಿಂಗಾಗಿ ಮಾನಿಟರ್ ನಡಕ ಸಿಕ್ಕೊಂಡೇತಿ, ಅತ್ತ ಟಿವಿ ಅಲ್ಲ ಇತ್ತ ಸ್ಪೀಕರ್ ಅಲ್ಲ.

ಆ ಸ್ಪೀಕರಾದ್ರೂ ಎಂಥಾವು? ಬಹಳಷ್ಟು ಮಾನಿಟರ್‌ದಾಗ ಎರಡು ವ್ಯಾಟಿನ ಎರಡು ಸ್ಪೀಕರ್, ಮುಖಾ ಹಿಂದಕ್ಕ ಇಲ್ಲಾ ಕೆಳಕ್ಕ. ಮಾತು ಗ್ವಾಡಿಗೆ ಬಡದು ತಿರುಗಿ ನಮ್ಮ ಕಡೆ ಬರಬೇಕು, ಅಷ್ಟರಾಗ ಮಾಸ್ತರ ಮಾತಿನಾಗ ಸ ಯಾವುದು ಶ ಯಾವುದು ತಿಳಿಯಂಗಿಲ್ಲ. ತಿಳಿಯಂಗಿಲ್ಲ ಅಂತ ಮಂದಿ ಸೌಂಡ್ ಏರಸ್ತಾರ, ಏರ್ಸಿದ್ರ ಗರಗರ, ಬಾಜೂ ಮನಿಯಾವ್ರಿಗೆ ತ್ರಾಸ. ನವನಗರದಾಗ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ಭಾಳ ಅದಾವು, ಒಬ್ರ ಮನಿ ಆನ್‌ಲೈನ್ ಕ್ಲಾಸ್ ಇಬ್ರ ಮನಿ ಹುಡುಗ್ರು ಕೇಳೂದು ಆಗೇತಿ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮ 2000ನೇ ಇಸ್ವಿದು, ವಸತಿ ಏರಿಯಾದಾಗ ರಾತ್ರಿ 10ರಿಂದ ಮುಂಜಾನಿ 6ರ ಮಟ 45 ಡೆಸಿಬಲ್ ಮಿತಿ ಅಂತ ಹೇಳತೈತಿ. ಅದು ಲೌಡ್‌ಸ್ಪೀಕರ್, ಡಿಜೆಗೆ ಅಂತ ನಾವು ತಿಳಕೊಂಡೀವಿ, ಮಾನಿಟರ್‌ಗೆ ಯಾರೂ ಪೊಲೀಸರನ್ನ ಕರ್ಯಾಂಗಿಲ್ಲ ಬಿಡ್ರಿ, ಆದ್ರೂ ರಾತ್ರಿ ಹನ್ನೊಂದಕ್ಕ ಸೌಂಡ್ ಇಳಸಬೇಕು ಅನ್ನಾಂವಗ ಇಳಸೂ ಬಟನ್ ಕೈಗೆ ಸಿಗಬೇಕಲ್ರಿ.

ನನ್ನನ್ನ ಕೇಳಿದ್ರ ಮನಿಗೆ ತಗೊಳ್ಳಾವ್ರು ಇನ್‌ಬಿಲ್ಟ್ ಸ್ಪೀಕರ್ ಅಂತ ಹೆಚ್ಚಿಗಿ ರೊಕ್ಕಾ ಕೊಡಬ್ಯಾಡ್ರಿ. ಅದ ರೊಕ್ಕಾದಾಗ ತಿರುವೂ ಚಕ್ರ ಇರೂ ಯುಎಸ್‌ಬಿ ಸ್ಪೀಕರ್ ಬರತೈತಿ, ಹಳೇ ಯುಎಸ್‌ಬಿ ತೂತು ಕೊಡೂದ 5 ವೋಲ್ಟ್, ಅರ್ಧ ಆಂಪಿಯರ್, ಅಂದ್ರ ಎರಡೂವರಿ ವ್ಯಾಟ್, ಭಾರಿ ದೊಡ್ಡ ಸಪ್ಪಳ ಬರಂಗಿಲ್ಲ ಖರೇ, ಆದ್ರ ಮುಖಾ ನಮ್ಮ ಕಡೆ ಇರತೈತಿ, ಮಾತ ತಿಳೀತೈತಿ, ಚಕ್ರ ಕೈಯಾಗ. ನಾ ಮಾನಿಟರ್ ಮಾರೂದೂ ಇಲ್ಲ ಸ್ಪೀಕರ್ ಮಾರೂದೂ ಇಲ್ಲ, ಅದಕ್ಕ ಧೈರ್ಯದಿಂದ ಹೇಳಾಕತ್ತೀನಿ.

ಸರ್ಕಾರಿ ಖರೀದಿ ಮಾತ್ರ ಮನಿ ಖರೀದಿ ಹಂಗಲ್ಲ. ಗ್ರಾಮ ಪಂಚಾಯ್ತಿ ಲೈಬ್ರರಿಗೆ ಅರಿವು ಕೇಂದ್ರ ಅಂತ ಹೆಸರಿಟ್ಟು ಕಂಪ್ಯೂಟರ್ ಕೊಟ್ಟಾರ, ಶಾಲಿ ಲ್ಯಾಬಿಗೆ ಕೊಡತಾರ, ಅಲ್ಲಿ ಬ್ಯಾರೆ ಸ್ಪೀಕರ್ ಇಟ್ರ ವೈರ್ ಕೀಳತಾವು, ಕಳುವಾಗತಾವು, ಹಿಂಗಾಗಿ ಮಾನಿಟರ್ ಒಳಗ ಸ್ಪೀಕರ್ ಇರೂದ ಚಲೋ. ಆದ್ರ ನಾ ಸರ್ವಿಸಿಗೆ ಹೋದ ಒಂದ್ ಕಡೆ ಸಾಲಾಗಿ ಮಾನಿಟರ್ ಇದ್ವು, ಹುಡುಗ್ರು ಆಟ ಹಚ್ಚಿದಾಗ ಒದರತಾವು ಅಂತ ನೋಡ್ಕೊಳ್ಳಾವ್ರು ಎಲ್ಲಾದ್ರದ್ದೂ ಸೌಂಡ್ ಮೆನುದಾಗ ಮ್ಯೂಟ್ ಮಾಡಿಸಿದ್ರು, ಮತ್ತ ಆನ್ ಮಾಡೂದು ಅವ್ರಿಗೆ ಬರಲಿಲ್ಲ, ಕಣ್ಣು ಕಾಣದ ಒಬ್ಬ ಹುಡುಗ ಎನ್‌ವಿಡಿಎ ಅನ್ನೂ, ಪರದೆ ಮ್ಯಾಲಿಂದು ಓದಿ ಹೇಳೂ ಸಾಫ್ಟ್‌ವೇರ್ ಹಚ್ಚಿ ಓದಸ್ಕೊಳ್ಳಾಕ ಬಂದಾಂವ ಹಂಗ ತಿರುಗಿ ಹೋಗಿದ್ನಂತ. ಆ ಸ್ಕ್ರೀನ್ ರೀಡರ್ ಸೌಂಡ್ ಮ್ಯಾಲ ನಡೀತೈತಿ, ಸೌಂಡ್ ಇಲ್ಲದ ಕಂಪ್ಯೂಟರ್ ಅಂವಗ ಬಂದ್ ಇದ್ದಂಗ. ಮಾನಿಟರ್ ಮೆನು ಓದಿ ಹೇಳಾಕ ಆ ಸಾಫ್ಟ್‌ವೇರಿಗೂ ಬರಂಗಿಲ್ಲ, ಯಾಕಂದ್ರ ಮೆನು ಇರೂದು ಮಾನಿಟರ್ ಒಳಗ, ಕಂಪ್ಯೂಟರ್ ಒಳಗಲ್ಲ. ಇದಕ್ಕಿಂತ ಹೆಚ್ಚಿಗಿ ನಾ ಏನ ಹೇಳಲಿ.

2016ರಿಂದ ಭಾಳಷ್ಟು ಸರ್ಕಾರಿ ಖರೀದಿ ಜೆಮ್ ಅನ್ನೂ ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ಪೋರ್ಟಲ್‌ದಾಗ ನಡ್ಯಾಕತ್ತೇತಿ, ಅದರಾಗ ಸ್ಕ್ರೀನ್ ಎಷ್ಟು ಇಂಚು, ಪೋರ್ಟ್ ಎಷ್ಟು, ವಾರಂಟಿ ಎಷ್ಟು ವರ್ಷ ಅಂತ ಎಲ್ಲಾ ಬರೀತಾರ. ಸ್ಪೀಕರ್ ಇರಬೇಕು ಅಂತ ಬರಿಯಾವ್ರು ಅದರ ಕೆಳಗ ಇನ್ನೊಂದ್ ಸಾಲು ಬರದ್ರ ಸಾಕು: ವಾಲ್ಯೂಮಿಗೆ ಮುಂದ ಸೀದಾ ಬಟನ್ ಇರಬೇಕು, ಇಲ್ಲಾಂದ್ರ ಡಿಡಿಸಿ-ಸಿಐ ಕೋಡ್ 62 ಮತ್ತ 8ಡಿ ಎರಡೂ ನಡೀಬೇಕು, ಡೆಲಿವರಿ ಕೊಡೂವಾಗ ಆ ಪದ್ಧತಿ ಆನ್ ಇರಬೇಕು. ಹಚ್ಚಾಕ ಬಂದ ಎಂಜಿನಿಯರ್ ಅಲ್ಲಿನ ಸಿಬ್ಬಂದಿ ಕಡಿಂದ ಒಮ್ಮಿ ಸೌಂಡ್ ಇಳಿಸಿ ಏರಿಸಿ ನೋಡಿಸಿ ಆಮ್ಯಾಲ ಸಹಿ ತಗೋಬೇಕು. ಕಂಪನಿಯಾವ್ರಿಗೆ ಇದಕ್ಕ ಖರ್ಚು ಅನ್ನೂದು ಹೆಚ್ಚು ಕಮ್ಮಿ ಏನೂ ಇಲ್ಲ, ವೈರ್ ಐತಿ, ಚಿಪ್ ಐತಿ, ಬ್ರೈಟ್‌ನೆಸ್ಸಿಗೆ ಹೂಂ ಅನ್ನೂದು ವಾಲ್ಯೂಮಿಗೂ ಹೂಂ ಅನ್ನಲಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲಾದ ಖರೀದಿ ನೋಡೂ ಅಧಿಕಾರಿಗೋಳು ನಿಮ್ಮ ಪತ್ರಿಕೆ ಓದತಾರ ಅಂತ ನಂಬೀನಿ.

ಪತ್ರ ಉದ್ದ ಆಗೇತಿ, ಜಾಗಾ ಸಾಲಲಿಲ್ಲ ಅಂದ್ರ ಮ್ಯಾಕಿನ ಕಥಿ ಕತ್ತರಸ್ರಿ, ಯುಎಸ್‌ಬಿ ಸ್ಪೀಕರಿಂದೂ ಕತ್ತರಸ್ರಿ, ಟೆಂಡರ್ ಸಾಲು ಮಾತ್ರ ಬಿಡಬ್ಯಾಡ್ರಿ.

ಇಂತಿ ನಿಮ್ಮ ಓದುಗ,
ಕಂಪ್ಯೂಟರ್ ರಿಪೇರಿ ಅಂಗಡಿಯಾಂವ
ನವನಗರ, ಬಾಗಲಕೋಟೆ